ಹಾಲುವಾಣಕ್ಕೆ ಹತ್ತಿಸಿದ ದ್ರಾಕ್ಷಿ

ಸೊಸೆಯ ಗೆಳತಿ ತಂದುಕೊಟ್ಟ ಕೆಂಪು ವೈನಿನ ಬಾಟಲಿಯನ್ನು ನಾನು ಬರೀ ಮೂಸಿ ನೋಡಿದ್ದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಎಲ್ಲೋ ಭಾರಿ ಎತ್ತರದ ಬೆಟ್ಟದಲ್ಲಿ, ಬಿಸಿಲು ಗಾಳಿಗೆ ಬೆಳೆದ ಕಪ್ಪು ದ್ರಾಕ್ಷಿಯದಂತೆ. ಸೊಸೆ ಅದರ ಚೀಟಿ ಓದುತ್ತಿದ್ದಾಗ ನನಗೆ ಅರುವತ್ತರ ದಶಕದ, ಸುಬ್ರಹ್ಮಣ್ಯದ ಹತ್ತಿರದ ನಮ್ಮ ಗುಡ್ಡದ ಮನೆ ನೆನಪಾಯಿತು.

ನಾನು ಆ ಮನೆಗೆ ಹೊಸ ಸೊಸೆ. ಪುತ್ತೂರಿನಲ್ಲಿ ನನ್ನ ತವರಿನ ಪಕ್ಕದ ಮಾರ್ಸೆಲಿನ್ ಬಾಯಿ ಕ್ರಿಸ್ಮಸ್ಸಿಗೆ ಮನೆಯಲ್ಲೇ ವೈನ್ ಮಾಡುವವರು. ಮದುವೆಯಾಗಿ ನಾನು ಹೊರಡುವಾಗ ತಮ್ಮ ದ್ರಾಕ್ಷಿ ಬಳ್ಳಿಯ ಒಂದು ಗೆಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಗಂಡನ ಮನೆಯಲ್ಲಿ ದನದ ಹಟ್ಟಿ ಅತ್ತೆಯದು, ಅಡುಗೆಮನೆ ಅತ್ತೆಯದು, ಉಪ್ಪಿನ ಭರಣಿಯೂ ಅತ್ತೆಯದೇ. ನನ್ನದು ಅಂತ ಇದ್ದದ್ದು ಆ ಗೆಲ್ಲು ಮಾತ್ರ.

ಕಾಳುಮೆಣಸಿನ ಊರಲ್ಲಿ ಹುಟ್ಟಿದವರಿಗೆ ಬಳ್ಳಿ ಅಂದರೆ ಒಂದೇ ಶಾಸ್ತ್ರ. ನಾನು ಅದನ್ನು ಮೆಣಸು ಹಬ್ಬಿಸುವ ಹಾಲುವಾಣದ ಮರಕ್ಕೆ ಕಟ್ಟಿ, ನೆರಳು ಮಾಡಿ, ಬುಡಕ್ಕೆ ಸೊಪ್ಪುಗೊಬ್ಬರ ಸುರಿದೆ. ಮೂರು ವರ್ಷ ಎಲೆಯೋ ಎಲೆ. ಒಂದು ಕಾಯಿ ಇಲ್ಲ. ಅತ್ತೆ ಹೋಗುವಾಗ ಬರುವಾಗ ಅದನ್ನು ನೋಡಿ ಮೂಗು ಮುರಿಯುತ್ತಿದ್ದರು. ಬರುವ ಮಳೆಗಾಲಕ್ಕೆ ಅಲ್ಲಿ ಮೆಣಸು ನೆಡುವುದೆಂದು ಹೇಳಿಯೂ ಆಗಿತ್ತು.

ಹೇಳಿದವರು ಮಳೆಗಾಲದವರೆಗೆ ಕಾಯಲಿಲ್ಲ. ನಾನು ತವರಿಗೆ ಹೋಗಿದ್ದಾಗ, ಚಳಿಗಾಲದಲ್ಲೇ, ಮರದ ಕೊಂಬೆಗಳನ್ನು ಸವರಿ, ಬಳ್ಳಿಗೂ ಮೊಣಕಾಲೆತ್ತರದಲ್ಲಿ ಕತ್ತಿ ಬೀಸಿಬಿಟ್ಟಿದ್ದರು. ಬಂದು ನೋಡಿ ನಾನು ಹಟ್ಟಿಯ ಹಿಂದೆ ಕೂತು ಕಣ್ಣೀರು ಹಾಕಿದೆ. ಎರಡು ದಿನ ಊಟ ಬಿಟ್ಟೆ. ಎರಡನೆಯ ದಿನ ಕದ್ದು ಬಾಳೆಹಣ್ಣು ತಿಂದದ್ದು ಬೇರೆ ಮಾತು.

ಕಡಿದರೇ ದ್ರಾಕ್ಷಿ ಕಾಯಿ ಬಿಡುವುದು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಆ ಮೋಟು ಬುಡಕ್ಕೆ ಮೊದಲ ಸಲ ಬಿಸಿಲು ಬಿತ್ತು. ತಿಂಗಳೊಳಗೆ ಚಿಗುರು, ಚಿಗುರಿನ ಜೊತೆಗೇ ಹೂ! ಮಳೆ ಹಿಡಿಯುವ ಮೊದಲು ಮೂರು ಗೊನೆ ಕಪ್ಪಾದವು. ಅತ್ತೆ ಒಂದನ್ನು ದೇವರ ಮುಂದಿಟ್ಟು, ಒಂದು ಹಣ್ಣು ಬಾಯಿಗೆ ಹಾಕಿಕೊಂಡರು. ಹುಳಿಗೆ ಒಂದು ಕಣ್ಣು ಮುಚ್ಚಿಯೇ ಹೋಯಿತು.

"ಸಿಹಿ ಉಂಟು," ಅಂದರು. ಮತ್ತೆ ನನ್ನ ಮುಖ ನೋಡದೆ, "ಇನ್ನು ಕಡಿಯುದು ಯಾವಾಗ ಅಂತ ನೀನೇ ಹೇಳು, ಮಗಳೆ. ಬಳ್ಳಿ ನಿನ್ನದು."

ಈಗ ನಮ್ಮ ತಾರಸಿಯ ಮೇಲೆ ಸೊಸೆಯ ಪ್ಯಾಶನ್ ಫ್ರೂಟ್ ಬಳ್ಳಿ ನನ್ನ ಹಪ್ಪಳದ ಬಿಸಿಲನ್ನೆಲ್ಲ ನುಂಗಿ ಕೂತಿದೆ. ತಿಂಗಳಿಂದ ಗೊಣಗುತ್ತಿದ್ದೇನೆ, ನಿನ್ನೆಯಷ್ಟೇ ಕತ್ತಿ ಮಸೆದಿಟ್ಟಿದ್ದೆ. ಬಾಟಲಿಯ ಮುಚ್ಚಳ ಹಾಕಿ ಎದ್ದೆ, ಆ ಕತ್ತಿಯನ್ನು ತಂದು ಹಿಡಿಯನ್ನು ಅವಳ ಕಡೆಗೆ ಮಾಡಿ ಕೊಟ್ಟೆ.

"ಕಡಿಯುದು ಯಾವಾಗ ಅಂತ ನೀನೇ ಹೇಳು, ಮಗಳೆ," ಅಂದೆ.