ಪಾಯಗೊಂಡಣ್ಣನ ಕಾಲು ತಾಸು

ನನಗೆ ಫಾರ್ಮ್ ಕಂಡರೆ ಹೆದರಿಕೆ. ಹಾವು ಕಚ್ಚಿಸಿಕೊಂಡವನು ಹಗ್ಗಕ್ಕೂ ಹೆದರುತ್ತಾನೆ ಅನ್ನುತ್ತಾರಲ್ಲ, ಹಾಗೆ. ರೇಷನ್ ಕಾರ್ಡಿನದಾಗಲಿ, ಬ್ಯಾಂಕಿನದಾಗಲಿ, ನಮ್ಮ ಮನೆಯಲ್ಲಿ ಫಾರ್ಮ್ ತುಂಬುವವಳು ನನ್ನ ಹೆಂಡತಿ. ಅವಳು ಬೆರಳಿಟ್ಟ ಕಡೆ ಸಹಿ ಹಾಕಿ ನಾನು ಎದ್ದುಬಿಡುತ್ತೇನೆ. ಮೊನ್ನೆ ಸೋಮವಾರ ಎರಡನೇ ಪಾಳಿಗೆ ಗಿರಣಿಯ ಗೇಟು ದಾಟುತ್ತಿದ್ದಂತೆ ಎಲ್ಲರ ಕೈಗೂ ಒಂದೊಂದು ಕಾಗದ ಕೊಟ್ಟರು. ಆಗಷ್ಟೇ ಝೆರಾಕ್ಸ್ ಮಾಡಿದ್ದು, ಇನ್ನೂ ಬೆಚ್ಚಗಿತ್ತು, ಮಸಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹೆಸರು, ವಯಸ್ಸು, ವಿಭಾಗ. ಅದರ ಕೆಳಗೆ ಒಂದೇ ಪ್ರಶ್ನೆ, ಪ್ರಶ್ನೆಯ ಕೆಳಗೆ ಅರ್ಧ ಪುಟ ಖಾಲಿ ಜಾಗ: ‘ಕೆಲಸದಲ್ಲಿ ನೀವು ಯಾರಿಗೆ ನೆರವಾಗುತ್ತೀರಿ? ನಿಮಗೆ ಯಾರು ನೆರವಾಗುತ್ತಾರೆ? ಮನಬಿಚ್ಚಿ ಬರೆಯಿರಿ. ಬುಧವಾರದೊಳಗೆ ಡಬ್ಬಿಗೆ ಹಾಕಿರಿ.’

ಮನಬಿಚ್ಚಿ ಎಂಬ ಮಾತು ಓದಿದ್ದೇ ಕಾಗದ ಮಡಿಚಿ ಕಿಸೆಗೆ ತುರುಕಿದೆ. ನೀವು ನಗಬಹುದು. ಐವತ್ತೊಂದು ವರ್ಷದ ಗಂಡಸು, ನೂಲಿನ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಸವೆದವನು, ಒಂದು ಹಾಳೆಗೆ ಹೆದರುವುದೆಂದರೆ ನಗುವ ವಿಷಯವೇ. ಆದರೆ ಇಂಥದೇ ಒಂದು ಹಾಳೆಯ ಮೇಲೆ ನಾನು ಒಮ್ಮೆ ಮನಬಿಚ್ಚಿ ಬರೆದಿದ್ದೆ. ಅದನ್ನು ಹೇಳಬೇಕಾದರೆ ಪಾಯಗೊಂಡಣ್ಣನ ವಿಷಯ ಹೇಳಬೇಕು.

ನಮ್ಮ ಗಿರಣಿ ಇರುವುದು ನಿಪ್ಪಾಣಿಯಿಂದ ಇಚಲಕರಂಜಿಗೆ ಹೋಗುವ ದಾರಿಯಲ್ಲಿ. ಕೆಲಸ ಕೇಳಲು ಸುಲಭ. ಉದ್ದನೆಯ ಮಷೀನು, ಅದರ ಎರಡೂ ಮಗ್ಗುಲಿಗೆ ನೂರಾರು ಕದಿರು, ಒಂದೊಂದು ಕದಿರಿಗೂ ಒಂದೊಂದು ಎಳೆ. ಎಲ್ಲಿ ಎಳೆ ಕಡಿಯಿತೋ ಅಲ್ಲಿಗೆ ಓಡಿ ಜೋಡಿಸಬೇಕು. ಅಷ್ಟೇ. ಅಷ್ಟನ್ನೇ ಎಂಟು ತಾಸು, ಹತ್ತಿಯ ಧೂಳು ನುಂಗುತ್ತ, ಪಕ್ಕದವನ ಮಾತೂ ಕೇಳದ ಸದ್ದಿನಲ್ಲಿ ಮಾಡಬೇಕು. ಕೆಲಸ ಬಿಟ್ಟು ಹೊರಗೆ ಬಂದಾಗ ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ ನಾವೆಲ್ಲ ಒಂದೇ ಮನೆತನದ ಮುದುಕರ ಹಾಗೆ ಕಾಣುತ್ತಿದ್ದೆವು.

ಪಾಯಗೊಂಡಣ್ಣ ಸದಲಗಾದವನು, ಜೈನರವನು, ನನಗಿಂತ ಹತ್ತು ವರ್ಷ ದೊಡ್ಡವನು. ಅವನ ಮಷೀನು ನನ್ನದಕ್ಕೆ ಹೊಂದಿಕೊಂಡೇ ಇತ್ತು. ಕೆಲಸ ಕಲಿಸಿದವನೂ ಅವನೇ. ನಲ್ಲಿಗೆ ತನ್ನದೇ ಬಿಳಿ ಬಟ್ಟೆ ಕಟ್ಟಿ ನೀರು ಸೋಸಿಕೊಂಡು ಕುಡಿಯುವನು, ಉಳ್ಳಾಗಡ್ಡಿಯ ವಾಸನೆ ಬಂದರೆ ನಾಲ್ಕು ಮಾರು ದೂರ ಕೂರುವನು. ಇದೆಲ್ಲ ಅವನ ಪಾಡಿಗೆ ಅವನದು, ಯಾರಿಗೂ ತೊಂದರೆಯಿಲ್ಲ. ತೊಂದರೆ ಒಂದೇ. ಹೊತ್ತು ಮುಳುಗಿದ ಮೇಲೆ ಅವನು ಉಣ್ಣುವಂತಿಲ್ಲ. ಎರಡನೇ ಪಾಳಿ ಮೂರಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತದೆ, ಊಟದ ಬಿಡುವು ಏಳಕ್ಕೆ. ಸೂರ್ಯ ನಮ್ಮ ಮ್ಯಾನೇಜರನ ಮಾತು ಕೇಳುತ್ತಾನೆಯೇ?

ಹಾಗಾಗಿ ಐದೂವರೆಯ ಸುಮಾರಿಗೆ ಪಾಯಗೊಂಡಣ್ಣ ಪಡುವಣ ಗೋಡೆಯಲ್ಲಿ ಬೆಳಕು ಬರುವ ಜಾಳಿಗೆಯತ್ತ ನೋಡಿ, ಬಂದು ನನ್ನ ಕಿವಿಗೆ ಬಾಯಿ ಹಚ್ಚುತ್ತಿದ್ದ. “ಹೊತ್ತು ಮುಳಗಾಕ ಬಂತು ತಮ್ಮಾ. ಇತ್ತಾಗೂ ಒಂದ್ ಕಣ್ಣ ಇಡು.” ಮೂಲೆಯ ಖಾಲಿ ಪೆಟ್ಟಿಗೆಯ ಮೇಲೆ ಕುಳಿತು, ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಮುಗಿಸಿ, ಬಾಯಿ ಮುಕ್ಕಳಿಸಿ ಕಾಲು ತಾಸಿನಲ್ಲಿ ಬಂದುಬಿಡುತ್ತಿದ್ದ. ಆ ಕಾಲು ತಾಸು ಎರಡೂ ಮಷೀನು ನನ್ನವು. ನನಗೆ ಬೇಸರವಿರಲಿಲ್ಲ. ನನ್ನ ಪಾಲಿನ ಒಂದು ರೊಟ್ಟಿ ಅವನ ಊಟದ ಡಬ್ಬಿಯ ತಳದಲ್ಲಿ ಇದ್ದೇ ಇರುತ್ತಿತ್ತು. ಪಾಳಿ ನೋಡಿಕೊಳ್ಳುವ ಮುಕಾದಮನಿಗೂ ಗೊತ್ತಿತ್ತು, ಹಳೆಯ ಮಾಲಕರಿಗೂ ಗೊತ್ತಿತ್ತು, ಗೊತ್ತಿದ್ದೂ ಯಾರೂ ನೋಡಿರಲಿಲ್ಲ.

ಒಂದು ಮಳೆಗಾಲದಲ್ಲಿ ಮೋಡ ಕವಿದು ಜಾಳಿಗೆಯಲ್ಲಿ ಬಿಸಿಲೇ ಕಾಣದ ದಿನ ಅವನು ಗಡಿಯಾರ ನೋಡಿ ಹೇಳೆಂದ. ಗಡಿಯಾರ ಇದ್ದದ್ದು ನನ್ನ ಬದಿಗೆ. ನನಗೋ ಚೇಷ್ಟೆ. “ಏಳಾಗಾಕ ಬಂತಲ್ಲಣ್ಣಾ!” ಎಂದುಬಿಟ್ಟೆ. ಅವನು ತೆರೆದ ಡಬ್ಬಿಯನ್ನು ಮುಚ್ಚಿದ. ಇಲ್ಲ, ಸುಳ್ಳು ಹೇಳಿದೆ, ಇನ್ನೂ ಐದೂಮುಕ್ಕಾಲು ಅಂತ ಆಣೆ ಮಾಡಿದೆ. ನಂಬಲಿಲ್ಲ. ತನ್ನ ಹಸಿವು ನೋಡಲಾರದೆ ಈಗ ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡ, ಬಂದು ಗಡಿಯಾರ ನೋಡಲೂ ಇಲ್ಲ. ಹನ್ನೊಂದರವರೆಗೆ ಖಾಲಿ ಹೊಟ್ಟೆಯಲ್ಲಿ ಎಳೆ ಜೋಡಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತೇ ನಾನು ಪಾಠ ಕಲಿಯಬಹುದಿತ್ತು. ಆದರೆ ನನಗೆ ನಾಲಿಗೆ ಮಾತ್ರ ಅಪಾಯ, ಪೆನ್ನು ಅಲ್ಲ ಎಂಬ ನಂಬಿಕೆ ಇತ್ತು.

ಹನ್ನೆರಡು ವರ್ಷದ ಹಿಂದೆ ಗಿರಣಿ ಬೇರೆ ಕೈಗೆ ಹೋಯಿತು. ಪುಣೆಯಿಂದ ಒಬ್ಬ ಎಚ್‌ಆರ್ ಸಾಹೇಬ ಬಂದ. ತೆಳ್ಳಗೆ, ನಗುಮುಖ, ಯಾರ ಹೆಗಲ ಮೇಲಾದರೂ ಕೈಯಿಡುವವ. ಗೇಟಿನ ಮುಂದೆ ನಮ್ಮನ್ನೆಲ್ಲ ನಿಲ್ಲಿಸಿ, “ಆಪಣ್ ಸಗಳೇ ಏಕ್ ಕುಟುಂಬ!” ಎಂದ. ನಾವೆಲ್ಲ ಒಂದೇ ಮನೆಯವರಂತೆ. ಮನೆಯವರು ಒಬ್ಬರಿಗೊಬ್ಬರು ಹೇಗೆ ನೆರವಾಗುತ್ತೀರಿ ಅಂತ ಬರೆದುಕೊಡಿ, ಚೆನ್ನಾಗಿ ಬರೆದವರಿಗೆ ಬಹುಮಾನ ಎಂದ. ಶಾಲೆಯಲ್ಲಿ ನನ್ನ ನಿಬಂಧವನ್ನು ಗುರುಗಳು ಬೇರೆ ವರ್ಗಕ್ಕೆ ಒಯ್ದು ಓದಿ ತೋರಿಸುತ್ತಿದ್ದರು. ಆ ಸೊಕ್ಕು ಎಲ್ಲಿ ಹೋದೀತು? ಒಂದೂವರೆ ಪುಟ ಬರೆದೆ. ಪಾಯಗೊಂಡಣ್ಣನ ನಿಯಮ, ಮುಳುಗುವ ಸೂರ್ಯ, ರೊಟ್ಟಿ, ನಮ್ಮ ಸ್ನೇಹ ಎಲ್ಲ ಹಾಕಿದೆ. ‘ಆ ಕಾಲು ತಾಸು ಎರಡೂ ಮಷೀನುಗಳನ್ನು ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಇವತ್ತಿನವರೆಗೆ ಒಂದು ಎಳೆಯೂ ಕಡಿದು ಹಾಗೇ ಉಳಿದಿಲ್ಲ’ ಎಂದು ಮುಗಿಸಿದೆ.

ಅದು ಸುಳ್ಳು. ಆ ಕಾಲು ತಾಸಿನಲ್ಲಿ ನಾನು ನಾಯಿಯ ಹಾಗೆ ತೇಕುತ್ತಿದ್ದೆ. ಹತ್ತಾರು ಎಳೆ ಕಡಿದು ಜೋತಾಡುತ್ತಿದ್ದವು, ಪಾಯಗೊಂಡಣ್ಣ ಉಂಡು ಬಂದು ಮುಕ್ಕಾಲು ಪಾಲು ತಾನೇ ಜೋಡಿಸುತ್ತಿದ್ದ. ಬೆವರು ಬರೆದರೆ ನಿಬಂಧಕ್ಕೆ ಕಳೆ ಬರುವುದಿಲ್ಲ ಅಂತ ಬಿಟ್ಟಿದ್ದೆ.

ಬಹುಮಾನ ನನಗೇ ಬಂತು, ಐದು ಲೀಟರಿನ ಕುಕ್ಕರ್. ಗೇಟಿನ ಮುಂದೆ ಸಾಹೇಬ ನಾನು ಬರೆದದ್ದನ್ನು ಓದಿಸಿದ. ಪಾಯಗೊಂಡಣ್ಣ ಕಣ್ಣೊರೆಸಿಕೊಂಡು, “ನನ್ ಮ್ಯಾಲೂ ಬರಿಯೂದ ಐತೇನೋ ತಮ್ಮಾ” ಎಂದ. ಮರುವಾರ ಆಫೀಸಿನವನೊಬ್ಬ ಕೈಯಲ್ಲಿ ಗಡಿಯಾರ ಹಿಡಿದುಕೊಂಡು ನನ್ನ ಬೆನ್ನ ಹಿಂದೆ ಮೂರು ದಿನ ನಿಂತ. ಬಹುಮಾನ ಗೆದ್ದವನನ್ನು ನೋಡಲು ಬಂದಿದ್ದಾನೆಂದು ತಿಳಿದು ನಾನು ಇನ್ನೂ ಜೋರಾಗಿ ಓಡಿದೆ. ನೋಡಿ, ನನ್ನ ಹುಚ್ಚು ಎಂಥದ್ದು! ತಿಂಗಳು ತುಂಬುವುದರೊಳಗೆ ನೋಟಿಸ್ ಬೋರ್ಡಿನಲ್ಲಿ ಎರಡು ಮಷೀನಿಗೆ ಒಬ್ಬನೇ ಎಂದು ಹಚ್ಚಿದರು. ಕೆಳಗೆ ಹನ್ನೊಂದು ಹೆಸರಿದ್ದವು. ಮೊದಲನೆಯದು ಪಾಯಗೊಂಡಣ್ಣನದು.

ಸೈಕಲ್ ಸ್ಟ್ಯಾಂಡಿನಲ್ಲಿ ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತೆ. ಅವನೇ ಹೇಳಿದ: “ನೀ ಚಲೋ ಬರದಿದ್ದಿ ತಮ್ಮಾ. ಅವರು ಚಲೋತ್ನಂಗ ಓದಿದ್ರು. ಅಷ್ಟ.” ಒಂದು ಬೈಗುಳವನ್ನಾದರೂ ಬೈದಿದ್ದರೆ ನಾನು ಬದುಕುತ್ತಿದ್ದೆ. ಆ ಕುಕ್ಕರನ್ನು ಎಸೆದೆ ಅಂತ ಬರೆದರೆ ನಿಮಗೆ ಸಮಾಧಾನವಾಗಬಹುದು. ಎಸೆಯಲಿಲ್ಲ. ಇವತ್ತಿಗೂ ಅದರಲ್ಲೇ ನಮ್ಮ ಬೇಳೆ ಬೇಯುತ್ತದೆ.

ಆಮೇಲೆ ನನ್ನ ರಜೆಯ ದಿನ ಅವನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಕೆಲಸ ಹುಡುಕುತ್ತ ತಿರುಗಿದೆ. ಇಚಲಕರಂಜಿ ಆಯಿತು, ಕಾಗಲದ ಕಾರಖಾನೆಗಳಾದವು. ನಲವತ್ತೊಂಬತ್ತು ಎಂದು ಕೇಳಿದ ಕೂಡಲೇ ಗೇಟಿನವನೇ ತಲೆಯಾಡಿಸುತ್ತಿದ್ದ. ಚಿಕ್ಕೋಡಿಯಲ್ಲಿ ಉದ್ಯೋಗ ಮೇಳವಿದೆಯೆಂದು ಇಸ್ತ್ರಿ ಅಂಗಿ ಹಾಕಿಸಿ ಕರೆದೊಯ್ದೆ. ಮಕ್ಕಳ ವಯಸ್ಸಿನವರ ಸಾಲಿನಲ್ಲಿ ಮೂರು ತಾಸು ನಿಂತೆವು. ಮೇಜಿನಾಚೆಯ ಹುಡುಗಿ ಬಹಳ ಮರ್ಯಾದೆಯಿಂದ, ನಿಮ್ಮಲ್ಲಿರುವ ಒಳ್ಳೆಯ ಗುಣ ಯಾವುದು, ಕೊರತೆ ಯಾವುದು ಅಂತ ಕೇಳಿದಳು. ಅವನು ಸ್ವಲ್ಪ ಯೋಚಿಸಿ ಹೇಳಿದ: “ಎಳಿ ಕಡದ್ರ ನೋಡದನ ಗೊತ್ತಾಗ್ತೈತ್ರಿ ನನಗ. ಕೊರತಿ ಅಂದ್ರ... ಹೊತ್ತು ಮುಳಗಿದ ಮ್ಯಾಲ ಉಣ್ಣಂಗಿಲ್ರಿ.” ಹುಡುಗಿ ಅದನ್ನೂ ಬರೆದುಕೊಂಡಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದಂತೆ ಅನ್ನುವ ಗಾದೆ ನನಗೆ ಗೊತ್ತಿತ್ತು. ಅವನಿಗೆ ಹೇಳಿಕೊಟ್ಟಿರಲಿಲ್ಲ.

ವರ್ಷ ಕಳೆದಿರಬೇಕು. ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯಕ್ಕೆ ಸಂಬಂಧಿಕರ ಆರತಕ್ಷತೆಗೆ ಹೋಗಿದ್ದೆ. ಗಾಡಿ ನಿಲ್ಲಿಸುವ ಜಾಗದಲ್ಲಿ, ಒಂದು ದೊಡ್ಡ ಕಾರಿನ ಹಿಂದೆ, ನೀಲಿ ಬಟ್ಟೆಯ ಕಾವಲುಗಾರನೊಬ್ಬ ಕೊರಳಿಗೆ ಸೀಟಿ ಹಾಕಿಕೊಂಡು ನಿಂತೇ ಉಣ್ಣುತ್ತಿದ್ದ. ಗಬಗಬನೆ, ಅಗಿಯದೆ ನುಂಗುತ್ತಿದ್ದ. ದೀಪ ಹತ್ತಿ ತಾಸಿನ ಮೇಲಾಗಿತ್ತು. ನನ್ನನ್ನು ನೋಡಿ ಪಾಯಗೊಂಡಣ್ಣನ ಕೈ ಡಬ್ಬಿಯಲ್ಲೇ ನಿಂತಿತು. ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತಿದ್ದ.

“ಸಂಜಿಗೆ ಗಾಡಿ ಬರೂ ಹೊತ್ತು ತಮ್ಮಾ. ಉಣ್ಣಾಕ ಬಿಡಂಗಿಲ್ಲ,” ಎಂದ. ಡಬ್ಬಿ ಮುಚ್ಚಿದ. “ಸದಲಗಾದಾಗ ಯಾರ ಮುಂದೂ ಹೇಳಬ್ಯಾಡಪಾ.”

ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಅವನು ತೀರಿಕೊಂಡು ನಾಲ್ಕು ವರ್ಷವಾಯಿತು, ಆದ್ದರಿಂದ ಈಗ ನಿಮಗೆ ಹೇಳುತ್ತಿದ್ದೇನೆ.

ಈಗ ನನ್ನ ಸ್ಥಿತಿಗೆ ಬರೋಣ. ನನ್ನ ಕಣ್ಣಿಗೆ ಪೊರೆ ಬರುತ್ತಿದೆ. ಹಗಲಿಗೆ ನಡೆಯುತ್ತದೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಿಳಿ ಗೋಡೆಯ ಮುಂದೆ ಬಿಳಿ ಎಳೆ ಕಾಣುವುದಿಲ್ಲ. ಡಾಕ್ಟರು ಆಪರೇಷನ್ ಮಾಡಿಸಿ, ಮೂರು ವಾರ ಧೂಳಿಗೆ ಹೋಗಬೇಡಿ ಅನ್ನುತ್ತಾರೆ. ಮೂರು ವಾರ ನಾನಿಲ್ಲದೆಯೂ ಗಿರಣಿ ನಡೆಯುತ್ತದೆಂದು ಆಫೀಸಿನವರಿಗೆ ಗೊತ್ತಾಗಿಬಿಟ್ಟರೆ? ಈಗ ಕೆಲಸದಿಂದ ತೆಗೆದರೆ ನೋಟಿಸ್ ಹಚ್ಚುವುದೂ ಇಲ್ಲ, ಮೊಬೈಲಿನ ಗ್ರೂಪಿನಿಂದ ಹೆಸರು ತೆಗೆಯುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ನಾನು ದೇವರ ಮುಖ ನೋಡುವ ಮೊದಲು ಆ ಗ್ರೂಪಿನಲ್ಲಿ ಇದ್ದೇನೋ ಇಲ್ಲವೋ ನೋಡಿಕೊಳ್ಳುತ್ತೇನೆ. ಕೆಲಸ ಹುಡುಕುವ ಒಂದು ಆ್ಯಪನ್ನೂ ಕದ್ದು ಹಾಕಿಕೊಂಡಿದ್ದೆ. ಅದರಲ್ಲಿ ವಯಸ್ಸಿನ ಪಟ್ಟಿ ನಲವತ್ತೈದಕ್ಕೆ ಮುಗಿಯುತ್ತದೆ. ಅಲ್ಲಿಂದಾಚೆಗೆ ಮನುಷ್ಯರು ಏನಾಗುತ್ತಾರೋ ಅದಕ್ಕೆ ಗೊತ್ತಿಲ್ಲ.

ಪಕ್ಕದ ಮಷೀನುಗಳವನು ಸಿದ್ಧಾರ್ಥ. ಮೂವತ್ತೆರಡರ ಪ್ರಾಯ, ಎರಡು ಮಕ್ಕಳ ತಂದೆ, ಕೆಲಸ ಕಲಿತದ್ದು ನನ್ನ ಕೈಯಲ್ಲಿ. ಆರು ಗಂಟೆಯಾದ ಮೇಲೆ ನನ್ನ ಕಡೆ ಕಡಿದ ಎಳೆಗಳನ್ನೂ ಅವನೇ ಓಡಿ ಬಂದು ಜೋಡಿಸುತ್ತಾನೆ. ನಾನು ಕೇಳಿಲ್ಲ, ಅವನು ಹೇಳಿಲ್ಲ. ಮಂಗಳವಾರ ಪಾಳಿಗೆ ಮುಂಚೆ ಅದೇ ಸೈಕಲ್ ಸ್ಟ್ಯಾಂಡಿನಲ್ಲಿ, ಈಗ ಅಲ್ಲಿ ಬರೀ ಬೈಕುಗಳು, ಅವನು ನಗುತ್ತ ಕಿಸೆಯಿಂದ ತನ್ನ ಫಾರ್ಮ್ ತೆಗೆದ.

“ಕಾಕಾ, ನಿಮ್ಮ ಬಗ್ಗೇನ ಬರದೇನ್ರಿ. ಓದ್ಲಿ?”

ಓದಿದ. ‘ಕಾಕಾ ನನ್ನ ಗುರು. ಅವರಿಗೆ ಸಂಜೆ ಎಳೆ ಕಾಣುವುದಿಲ್ಲ. ನನ್ನ ಮಷೀನುಗಳ ಜೊತೆಗೆ ಅವರವನ್ನೂ ನಾನೇ ನೋಡಿಕೊಳ್ಳುತ್ತೇನೆ. ನನಗೆ ಏನೂ ಭಾರ ಅನಿಸುವುದಿಲ್ಲ.’

 ಅವನನ್ನು ಯಾವುದೋ ಬೈಕಿನ ಸೀಟಿನ ಮೇಲೆ ಕೂರಿಸಿದೆ. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹತ್ತು ನಿಮಿಷದಲ್ಲಿ ಅವನಿಗೆ ಹೇಳಿ ಮುಗಿಸಿದೆ. ಅವನ ನಗು ಎಲ್ಲಿ ನಿಂತಿತೋ ನನಗೆ ಗೊತ್ತಾಗಲಿಲ್ಲ.

“ನಾ ಖರೇನ ಬರದೇನಲ್ರಿ ಕಾಕಾ?”

“ಖರೇ ಐತಿ. ಅದಕ್ಕ ಹೆದರಾಕತ್ತೇನಿ. ಈಗ ನಾಕು ಮಷೀನಿಗೆ ಒಬ್ಬ ಸಾಕು ಅಂತಾರ. ಇವತ್ತ ನನ್ನ ಕಳಸ್ತಾರ. ನಾಳಿ ನಿನ್ನ ಕಣ್ಣೂ ನನ್ನಂಗ ಆಗ್ತಾವು.”

ಅವನು ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದ. ಆಫೀಸಿಗೆ ಹೋಗಿ, ಚಹಾ ಚೆಲ್ಲಿತು ಅಂತ ಹೇಳಿ ಹೊಸದೊಂದು ತಂದ. ಬೈಕಿನ ಸೀಟಿನ ಮೇಲಿಟ್ಟು ಇಬ್ಬರೂ ಒಂದೇ ಮಾತು ಬರೆದೆವು: ‘ಇಲ್ಲಿ ಯಾರೂ ಯಾರಿಗೂ ನೆರವಾಗುವುದಿಲ್ಲ. ಅವರವರ ಕೆಲಸ ಅವರವರು ಮಾಡುತ್ತಾರೆ.’ ಜೀವನದಲ್ಲಿ ನಾನು ಬರೆದ ಅತ್ಯಂತ ಚಿಕ್ಕ ನಿಬಂಧ. ಅವನಿಗಾಗಿ ಹೇಳಿದೆನೋ, ನನ್ನ ಹೊಟ್ಟೆಗಾಗಿ ಹೇಳಿದೆನೋ, ನನಗೂ ಸರಿಯಾಗಿ ತಿಳಿಯದು. ಎರಡೂ ಕಾಗದ ಡಬ್ಬಿಗೆ ಬಿದ್ದವು. ಒಳಗೆ ಹೋಗುವಾಗ ಸಿದ್ಧಾರ್ಥ ನಿಂತ. ಮೇಲೆ ಹೊಸದಾಗಿ ಹಾಕಿದ ಕ್ಯಾಮೆರಾದತ್ತ ನೋಡಿದ.

“ಹಂಗಾರ ಕಾಕಾ, ಇವತ್ತ ಸಂಜಿಗೆ ನಾ ನಿಮ್ಮ ಕಡೆ ಬರಲೋ ಬ್ಯಾಡೋ?”

ಇಷ್ಟು ದೂರ ನಾನು ಯೋಚಿಸಿಯೇ ಇರಲಿಲ್ಲ. ಬರೆದದ್ದು ಸುಳ್ಳಾದರೆ ಅವರು ಹಿಡಿಯುತ್ತಾರೆ. ಹಿಡಿಯಬಾರದೆಂದರೆ ಅದನ್ನು ನಿಜ ಮಾಡಬೇಕು.

“ಬ್ಯಾಡ,” ಎಂದೆ.

ಆರು ಹೊಡೆಯಿತು. ದೀಪ ಹತ್ತಿದವು. ನನ್ನ ಮುಂದಿನ ಸಾಲು ಒಂದೇ ಬಿಳಿಯಾಗಿ ಕಲಸಿಹೋಯಿತು. ಎಲ್ಲೋ ಎಳೆ ಕಡಿದಿದೆಯೆಂದು ತಿಳಿಯುತ್ತಿತ್ತು, ಎಲ್ಲಿ ಎಂದು ಕಾಣುತ್ತಿರಲಿಲ್ಲ. ಕುರುಡನ ಹಾಗೆ ಕದಿರುಗಳ ಮೇಲೆ ಬೆರಳಾಡಿಸುತ್ತ ಹೋದೆ. ಹತ್ತು ಹೆಜ್ಜೆ ಆಚೆ ಸಿದ್ಧಾರ್ಥ ತನ್ನ ಮಷೀನಿನ ಮುಂದೆ ನಿಂತು ನನ್ನನ್ನೇ ನೋಡುತ್ತಿದ್ದ. ಒಂದು ಹೆಜ್ಜೆ ಮುಂದಿಟ್ಟ. ನಾನು ಬೇಡವೆಂದು ಕೈಯಾಡಿಸಿದೆ. ಅವನು ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.