ಎಲ್ಲಿ ಸಿಕ್ಕಿತು ಎಂದು ಕೇಳಬಾರದು

ನೆರೀಡಾ ಟ್ರೆಮ್‌ಬಾತ್ ಕೂರಬಿನ್ ಊರಿನ ಶಾಲೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪೈ ಬಿಸಿ ಮಾಡಿಕೊಟ್ಟವಳು. ನಿವೃತ್ತಿಯಾದ ಮೇಲೆ ಅವಳ ವಾರಗೆಯವರೆಲ್ಲ ಬೋಲ್ಸ್ ಆಡಲು ಹೋದರು, ಇವಳು ನೆಲದೊಳಗಿನ ಲೋಹ ಹುಡುಕುವ ಡಿಟೆಕ್ಟರ್ ಹಿಡಿದು ಕಾಡಿಗೆ ಹೋದಳು. ಗಾಳ, ದಾರ ಮಾರುವ ಅಂಗಡಿಯಲ್ಲಿ ಕೊಂಡ ಯಂತ್ರ ಅದು, ಹೊಸಬರಿಗೆಂದೇ ಮಾಡಿದ್ದು. ಸಮುದ್ರದ ಮರಳಿನಲ್ಲಿ ಬಿದ್ದ ನಾಣ್ಯ ಹುಡುಕಲು ಪರವಾಗಿಲ್ಲ. ನಮ್ಮ ಕಡೆಯ ಕೆಂಪು ನೆಲದಲ್ಲಿ ಹೆಜ್ಜೆಗೊಂದು ಕಬ್ಬಿಣದ ಕಲ್ಲು. ಅಲ್ಲಿ ಅದು ಬೆಳಗಿನಿಂದ ಸಂಜೆಯವರೆಗೆ ಸುಮ್ಮಸುಮ್ಮನೆ ಕಿರುಚುತ್ತಿತ್ತು. ಚಿನ್ನ ಹುಡುಕುವವರ ನಮ್ಮ ಕ್ಲಬ್ಬಿನ ಗಂಡಸರು ಅದಕ್ಕೆ ಗಿಳಿ ಎಂದು ಹೆಸರಿಟ್ಟಿದ್ದರು.

"ಏನಂತೆ ನೆರೀಡಾ, ನಿನ್ನ ಗಿಳಿ ಇವತ್ತು ಏನು ಶಕುನ ಹೇಳ್ತು?" ಎಂದು ಮುದುಕ ಕ್ಲಾರಿ ಪ್ರತಿ ಸಲವೂ ಕೇಳುವನು. ಪ್ರತಿ ಸಲವೂ ಎಲ್ಲರೂ ಅದೇ ಮೊದಲ ಬಾರಿಗೆ ಕೇಳಿದವರಂತೆ ನಗುವರು.

ಆದರೆ ಗಿಳಿಯೇ ಅವಳಿಗೊಂದು ಜಾಗ ತೋರಿಸಿತ್ತು. ಬಾಕ್ಸ್ ಎಂಬ ನೀಲಗಿರಿ ಜಾತಿಯ ಮರಗಳ ಕೆಳಗೆ, ಹಳೆಯ ಕೊರಕಲೊಂದು ತಿರುಗುವ ಕಡೆ, ಒಂದೇ ಚಳಿಗಾಲದಲ್ಲಿ ಹತ್ತೊಂಬತ್ತು ಚೂರು ಚಿನ್ನ ಸಿಕ್ಕಿತ್ತು. ಯಾವುದೂ ಅಕ್ಕಿಕಾಳಿಗಿಂತ ದೊಡ್ಡದಲ್ಲ. ಗಿಳಿಯ ಕಿವಿ ನಾಲ್ಕು ಬೆರಳಿಗಿಂತ ಆಳಕ್ಕೆ ಕೇಳುವುದಿಲ್ಲ. ಚೂರು ಉದುರಿಸಿದ ತಾಯಿಗಟ್ಟಿ ಅದರ ಕೆಳಗೇ ಮಲಗಿದೆ ಎಂದು ನೆರೀಡಾ ನಂಬಿದ್ದಳು. ಅದನ್ನು ತನ್ನ ಕೈಯಾರೆ ಅಗೆದು, ತಿಂಗಳ ಮೊದಲ ಭಾನುವಾರ, ಎಲ್ಲರೂ ಸಿಕ್ಕಿದ್ದನ್ನು ತಂದು ತೋರಿಸುವ ಕ್ಲಬ್ಬಿನ ಮೇಜಿನ ಮೇಲೆ ಇಡಬೇಕು. ಮಾರುವ ಯೋಚನೆ ಅವಳಿಗಿರಲಿಲ್ಲ. ಕ್ಲಾರಿಯ ಬಾಯಿ ಒಮ್ಮೆ ಮುಚ್ಚಬೇಕು, ಅಷ್ಟೇ.

ಅದಕ್ಕೆ ದೊಡ್ಡ ಯಂತ್ರ ಬೇಕಿತ್ತು. ಯಾವುದು ಎಂದು ಕೇಳಿದರೆ ಬಾಯಿಗೊಂದು ಮಾತು. ಹಗುರದ್ದು ತಗೋ, ಇಡೀ ದಿನ ಬೀಸಬಹುದು ಎಂದ ಒಬ್ಬ. ಹಗುರದ್ದು ಆಳಕ್ಕೆ ಹೋಗಲ್ಲ, ಭುಜ ನೋಯಲಿ ಬಿಡು, ಭಾರದ್ದೇ ತಗೋ ಎಂದ ಇನ್ನೊಬ್ಬ. ಯಂತ್ರ ಯಾವುದಾದರೇನು, ನೆಲದ ಮೇಲೆ ಆಡಿಸುವ ಕೆಳಗಿನ ತಟ್ಟೆ ದೊಡ್ಡದಿರಬೇಕು ಎಂದ ಮತ್ತೊಬ್ಬ. ಕ್ಲಬ್ಬಿನ ಕಾರ್ಯದರ್ಶಿ ಗ್ಲೆನಿಸ್, "ಈ ವಯಸ್ಸಲ್ಲಿ ಇದೆಲ್ಲ ಯಾಕೇ ನಿಂಗೆ, ನನ್ನ ಜೊತೆ ಕೇಕ್ ಅಂಗಡಿ ಹಾಕು" ಎಂದಳು. ನೆರೀಡಾ ಎಂಟು ತಿಂಗಳು ಪುಸ್ತಿಕೆಗಳನ್ನು ಓದಿ ಓದಿ ಕಣ್ಣು ನೋಯಿಸಿಕೊಂಡಳು.

ಆಗ ಲಿಂಡ್ಸೆ ಪಾಸ್ಕೋ ತನ್ನ ಹಳೆಯ ಯಂತ್ರ ಮಾರುತ್ತಾನೆಂದು ಸುದ್ದಿ ಬಂತು. ಅವನು ಹೊಸದನ್ನು ಕೊಂಡಿದ್ದ. ಹಳೆಯದೂ ಸಾಮಾನ್ಯದ್ದಲ್ಲ. ಕಬ್ಬಿಣದ ಕಲ್ಲಿಗೆ ತಲೆಕೆಡಿಸಿಕೊಳ್ಳದೆ ಮೊಣಕೈ ಆಳದ ಚಿನ್ನಕ್ಕೂ ದನಿ ಕೊಡುವಂಥದ್ದು. ಲಿಂಡ್ಸೆ ಊರಿನವನು, ನೆರೀಡಾಳ ಗಂಡ ಸತ್ತಾಗ ಪೆಟ್ಟಿಗೆಗೆ ಹೆಗಲು ಕೊಟ್ಟವನು. ಅವಳು ಅವನ ಶೆಡ್ಡಿಗೆ ಹೋದಳು.

"ಮಾರೋದೇನೋ ಮಾರ್ತೀನಿ. ಆದ್ರೆ ಕಣ್ಣು ಮುಚ್ಕೊಂಡು ತಗೋಬೇಡ ಕಣೇ, ಪರೀಕ್ಷೆ ಮಾಡಿ ತಗೋ" ಎಂದ ಲಿಂಡ್ಸೆ.

"ಕ್ಲಬ್ ಹಿಂದೆ ಮಿಷನ್ ಪರೀಕ್ಷೆಗೆ ಅಂತ ಸೀಸದ ಗುಂಡು ಹೂತಿಟ್ಟಿದಾರಲ್ಲ, ಅಲ್ಲೇ ನೋಡಿದ್ರಾಯ್ತು."

"ಅಲ್ಲಿ ನಮ್ಮಜ್ಜಿ ಊರುಗೋಲು ಆಡಿಸಿದ್ರೂ ಗುಂಡು ಸಿಗತ್ತೆ! ಎಲ್ಲಿದೆ ಅಂತ ಗೊತ್ತಿರೋದನ್ನ ಹುಡುಕೋದು ಎಂಥ ಪರೀಕ್ಷೆ? ನಿನ್ನ ಗಿಳಿ ಇನ್ನೇನೂ ಇಲ್ಲ ಅಂತ ಕೈಬಿಟ್ಟ ನೆಲ ಇರತ್ತಲ್ಲ, ಅಲ್ಲಿ ಇದು ಏನನ್ನತ್ತೆ ಕೇಳು. ಆಗ ಗೊತ್ತಾಗತ್ತೆ."

ಮಾತು ಸರಿಯಾಗಿಯೇ ಇತ್ತು. ನಾವೆಲ್ಲ ಹಾಗೆಯೇ ಪರೀಕ್ಷೆ ಮಾಡುವುದು. ಆದರೆ ಜಾಗ ಬೇರೆಯವರಿಗೆ ತಿಳಿಯಬಾರದೆಂದು ಒಬ್ಬೊಬ್ಬರೇ ಹೋಗಿ ಮಾಡುತ್ತೇವೆ. ನೆರೀಡಾಳಿಗೆ ಆ ಯಂತ್ರವನ್ನು ನೆಲಕ್ಕೆ ಹೊಂದಿಸಲು ಬರುತ್ತಿರಲಿಲ್ಲ.

"ನಾನೂ ಬರ್ತೀನಿ. ಬೇಕಿದ್ರೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಕರ್ಕೊಂಡು ಹೋಗು" ಎಂದು ಅವನು ನಕ್ಕ. ಇವಳೂ ನಕ್ಕಳು. ಹೆಗಲು ಕೊಟ್ಟವನ ಕಣ್ಣಿಗೆ ಬಟ್ಟೆ ಕಟ್ಟುವುದು ಹೇಗೆ?

ಬುಧವಾರ ಇಬ್ಬರೂ ಅವಳ ಕೊರಕಲಿಗೆ ಹೋದರು. ಅವನು ಯಂತ್ರದ ಗುಂಡಿಗಳನ್ನು ತಿರುಗಿಸಿ, ಹೆಡ್‌ಫೋನನ್ನು ಅವಳ ತಲೆಗೆ ಸಿಕ್ಕಿಸಿದ. ಅರ್ಧ ಗಂಟೆಯೊಳಗೆ ಯಂತ್ರ ಮೆಲ್ಲಗೆ ಹೂಂಗುಟ್ಟಿತು. ಒಂದು ಗೇಣು ಅಗೆದರೆ ಬಟಾಣಿಯಷ್ಟು ಚಿನ್ನ. ಅವಳು ಅದನ್ನು ಬಾಯಿಗೆ ಹಾಕಿ ಮಣ್ಣು ತೊಳೆದು, ಅಂಗೈಯಲ್ಲಿಟ್ಟು ಶಾಲೆಯ ಹುಡುಗಿಯ ಹಾಗೆ ಕುಣಿದಳು. ಮುಂದೆ ಬಿದ್ದ ಮರದ ಬೊಡ್ಡೆಯ ಪಕ್ಕ ಇನ್ನೊಂದು ದನಿ ಬಂತು. ಇದು ಬೇರೆ, ಅಗಲವಾಗಿ, ನೆಲದ ಹೊಟ್ಟೆಯೊಳಗಿನಿಂದ ಬಂದಂತೆ ಭಾರವಾಗಿತ್ತು. ಅವಳು ಪಿಕಾಸಿ ಎತ್ತಿದಳು.

"ತಾಳು, ಇಲ್ಲಿ ಕೊಡು." ಲಿಂಡ್ಸೆ ಹೆಡ್‌ಫೋನ್ ಹಾಕಿಕೊಂಡು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ತಟ್ಟೆ ಆಡಿಸಿದ. ಬಹಳ ಹೊತ್ತು ಕೇಳಿದ. ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಕಬ್ಬಿಣ. ಹಳೇ ಕಾಲದೋರು ಬಿಟ್ಟು ಹೋದ ಸಲಿಕೆಯೋ ಗುದ್ದಲಿಯೋ. ಎರಡು ಗಂಟೆ ಅಗೆದು ತುಕ್ಕು ಹೊತ್ಕೊಂಡು ಹೋಗ್ತೀಯಾ? ಮೋಡ ಬೇರೆ ಆಗಿದೆ, ನಡಿ."

ಚಿನ್ನವೋ ಕಬ್ಬಿಣದ ತುಂಡೋ ಎಂದು ಇಂಥ ಯಂತ್ರ ಬಿಡಿಸಿ ಹೇಳುವುದಿಲ್ಲ, ಕೂಗಿದ್ದನ್ನೆಲ್ಲ ಅಗೆ ಎನ್ನುವುದೇ ಅದರ ಮೊದಲ ಪಾಠ. ಆದರೆ ಮೂರು ವರ್ಷ ಗಿಳಿಯ ಜೊತೆ ಬದುಕಿದ ಕಿವಿ ಅವಳದು. ಗಿಳಿ ಕಬ್ಬಿಣ ಎಂದು ಪರದೆಯ ಮೇಲೆ ತೋರಿಸುತ್ತಿತ್ತು, ಇವಳು ಬಿಟ್ಟು ಮುಂದೆ ನಡೆಯುತ್ತಿದ್ದಳು. ಕಬ್ಬಿಣ ಎನ್ನುವ ಪದ ಕೇಳಿದ ಕೂಡಲೇ ಕಾಲು ತಾನಾಗಿ ಮುಂದೆ ಹೋಗುವುದು ಅಭ್ಯಾಸವಾಗಿತ್ತು. ಈಗಲೂ ಹಾಗೆಯೇ ಆಯಿತು. ಅವಳು ಪಿಕಾಸಿ ಇಳಿಸಿದಳು.

"ಇದನ್ನೇ ತಗೋತೀನಿ" ಎಂದಳು ಕಾರಿನ ಹತ್ತಿರ.

"ತಗೋ. ತಂತಿ ಒಂಚೂರು ಸಡಿಲ ಆಗಿದೆ, ಸರಿ ಮಾಡಿಸಿ ಕೊಡ್ತೀನಿ. ಎರಡು ವಾರ ಅಷ್ಟೇ."

ಎರಡು ವಾರಕ್ಕೆ ಸರಿಯಾಗಿ ಕೊಟ್ಟ. ಮಾತಿಗೆ ತಪ್ಪುವವನಲ್ಲ ಲಿಂಡ್ಸೆ. ಮರುದಿನವೇ ನೆರೀಡಾ ಕೊರಕಲಿಗೆ ಹೋದಳು. ರಾತ್ರಿಯೆಲ್ಲ ಆ ಭಾರದ ದನಿ ಅವಳ ಕಿವಿಯಲ್ಲಿತ್ತು. ಗುದ್ದಲಿಯಾದರೂ ಸರಿ, ಒಮ್ಮೆ ಅಗೆದು ನೋಡಿಬಿಡೋಣ ಎಂದುಕೊಂಡಿದ್ದಳು. ಬೊಡ್ಡೆಯ ಪಕ್ಕ ತಟ್ಟೆ ಆಡಿಸಿದಳು. ಸದ್ದಿಲ್ಲ. ಯಂತ್ರ ಕೆಟ್ಟಿತೇ ಎಂದು ತನ್ನ ಉಂಗುರ ತೆಗೆದು ನೆಲಕ್ಕೆ ಹಾಕಿದಳು, ಯಂತ್ರ ಥಟ್ಟನೆ ಕೂಗಿತು. ಮತ್ತೆ ಬೊಡ್ಡೆಯ ಪಕ್ಕ ಆಡಿಸಿದಳು. ಏನೂ ಇಲ್ಲ. ಮಂಡಿಯೂರಿ ಎಲೆ ಸರಿಸಿದಾಗ ಮಣ್ಣು ಮೆತ್ತಗಿತ್ತು. ಯಾರೋ ಮೊಣಕಾಲುದ್ದ ಅಗೆದು, ಅಚ್ಚುಕಟ್ಟಾಗಿ ಮುಚ್ಚಿ, ಮೇಲೆ ಎಲೆ ಹರಡಿ ಹೋಗಿದ್ದರು. ತುಕ್ಕು ಹಿಡಿದ ಗುದ್ದಲಿಗಾಗಿ ಯಾರೂ ಅಷ್ಟು ಆಳ ಅಗೆಯುವುದಿಲ್ಲ.

ಕಾಡು ಸರ್ಕಾರದ್ದು. ಲೈಸೆನ್ಸ್ ಇದ್ದವರು ಯಾರು ಬೇಕಾದರೂ ಅಗೆಯಬಹುದು, ದೂರು ಕೊಡಲು ಬಾಗಿಲಿಲ್ಲ. ನಮ್ಮಲ್ಲಿ ಇರುವುದು ಎರಡೇ ಕಟ್ಟಳೆ. ಒಬ್ಬರು ತೋರಿಸಿದ ಜಾಗಕ್ಕೆ ಅವರಿಲ್ಲದೆ ಹೋಗಬಾರದು. ಚಿನ್ನ ಎಲ್ಲಿ ಸಿಕ್ಕಿತು ಎಂದು ಯಾರೂ ಯಾರನ್ನೂ ಕೇಳಬಾರದು. ಮೊದಲನೆಯದನ್ನು ಮುರಿದವನನ್ನು ಎರಡನೆಯದು ಎಷ್ಟು ಚೆನ್ನಾಗಿ ಕಾಯುತ್ತದೆ ಎಂದು ನಾವು ಯಾರೂ ಯೋಚಿಸಿದವರಲ್ಲ.

ಮೊದಲ ಭಾನುವಾರ ಕ್ಲಬ್ಬಿನ ಬಿಳಿ ತಟ್ಟೆಯಲ್ಲಿ ಲಿಂಡ್ಸೆಯ ಗಟ್ಟಿ ಇತ್ತು. ಅರ್ಧ ಕೋಳಿಮೊಟ್ಟೆಯಷ್ಟು ದೊಡ್ಡದು, ಒಂದು ಮಗ್ಗುಲಿಗೆ ಕೆಂಪು ಕಲ್ಲು ಅಂಟಿಕೊಂಡಿತ್ತು. ಎಲ್ಲರೂ ಸರದಿಯಂತೆ ಅಂಗೈಯಲ್ಲಿ ತೂಗಿ ನೋಡಿದರು. ನೆರೀಡಾಳ ಕೈಗೂ ಬಂತು. ಅದು ಬೆಚ್ಚಗಿತ್ತು, ಅಷ್ಟು ಜನರ ಕೈ ತಾಗಿ.

ಸಾಸೇಜ್ ಸುಡುವ ಒಲೆಯ ಬಳಿ ಅವನೊಬ್ಬನೇ ಇದ್ದಾಗ ಅವಳು ಹೋಗಿ ನಿಂತಳು. "ಲಿಂಡ್ಸೆ, ಅದು ಗುದ್ದಲಿ ಅಂದ್ಯಲ್ಲೋ."

ಅವನು ಸಾಸೇಜ್ ಮಗುಚಿ ಹಾಕುತ್ತಲೇ ಹೇಳಿದ, "ಕಾಡು ಯಾರಪ್ಪಂದೂ ಅಲ್ಲ. ನಿನ್ನ ಗಿಳಿಗೆ ಅದು ನೀನು ಸಾಯೋವರ್ಗೂ ಸಿಗ್ತಿರ್ಲಿಲ್ಲ. ಈರುಳ್ಳಿ ಹಾಕ್ಲಾ?"

ನೆರೀಡಾ ಅವನಿಗೆ ಬೆನ್ನು ತಿರುಗಿಸಿದಳು. ನೇರ ಒಳಗೆ ಹೋಗಿ, ಮೇಜಿನ ಮುಂದೆ ನಿಂತು, ಅವನು ಸಾಸೇಜಿನ ತಟ್ಟೆ ಹಿಡಿದು ಬರುವವರೆಗೆ ಕಾದು, ಎಲ್ಲರಿಗೂ ಕೇಳುವಂತೆ, "ಇದು ಎಲ್ಲಿ ಸಿಕ್ತು ಹೇಳು" ಎಂದಳು.

ಕ್ಲಾರಿ ತನ್ನ ಬೂಟು ನೋಡಿಕೊಂಡ. ಗ್ಲೆನಿಸ್, "ನೆರೀಡಾ! ಏನಾಗಿದೆಯೇ ನಿಂಗೆ?" ಎಂದು ಗದರಿದಳು.

"ಇದು ನನ್ನ ಜಾಗದ್ದು. ನಾನೇ ಇವನನ್ನ ಕರ್ಕೊಂಡು ಹೋಗಿದ್ದೆ, ಮಿಷನ್ ನೋಡೋಕೆ. ಕಬ್ಬಿಣ ಅಂತ ಸುಳ್ಳು ಹೇಳಿ, ಆಮೇಲೆ ಕದ್ದು ಹೋಗಿ ಅಗೆದಿದಾನೆ."

"ಹೊಟ್ಟೆಕಿಚ್ಚು ಒಳ್ಳೇದಲ್ಲಮ್ಮ" ಎಂದು ಹಿಂದಿನಿಂದ ಯಾರೋ ಗೊಣಗಿದರು.

ಲಿಂಡ್ಸೆಗೆ ಸಿಟ್ಟು ಬರಲಿಲ್ಲ. ಹುಚ್ಚಿಯನ್ನು ಸಮಾಧಾನ ಮಾಡುವವನ ದನಿಯಲ್ಲಿ, "ನಿನ್ನ ಜಾಗ ಅಂತೀಯ. ಯಾವುದದು? ಹೇಳು ಮತ್ತೆ, ಎಲ್ರಿಗೂ ಗೊತ್ತಾಗ್ಲಿ" ಎಂದ. ತನ್ನ ಜಾಗದ ಹೆಸರನ್ನು ತುಂಬಿದ ಸಭೆಯಲ್ಲಿ ಬಾಯಿಬಿಟ್ಟು ಹೇಳಿದವರು ನಮ್ಮಲ್ಲಿ ಇದುವರೆಗೆ ಇಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನೆರೀಡಾ ಹೇಳಿದಳು. ಹಳೆಯ ಇಟ್ಟಿಗೆ ಗೂಡು ದಾಟಿ ಎಡಕ್ಕೆ, ಎರಡನೇ ಗೇಟು, ಮುರಿದ ನೀರಿನ ತೊಟ್ಟಿಯಿಂದ ಇನ್ನೂರು ಹೆಜ್ಜೆ ಕೆಳಗೆ, ಕೊರಕಲು ಬಲಕ್ಕೆ ತಿರುಗುವ ಕಡೆ. "ಹೋಗಿ ನೋಡಿ. ಬೊಡ್ಡೆ ಪಕ್ಕ ಹೊಸಾ ಗುಂಡಿ ಇದೆಯೋ ಇಲ್ವೋ, ನೀವೇ ಬಂದು ಹೇಳಿ."

ಗ್ಲೆನಿಸ್ ಚಹಾ ಸುರಿಯತೊಡಗಿದಳು, ಲಿಂಡ್ಸೆಯ ಸುತ್ತ ಮತ್ತೆ ಜನ ಸೇರಿದರು. ನೆರೀಡಾಳ ಲೋಟ ಖಾಲಿಯೇ ಉಳಿಯಿತು. ಅವಳು ಕಾರು ಹತ್ತಿ ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ಅವಳು ಕೊರಕಲಿಗೆ ಹೋಗುವ ಹೊತ್ತಿಗೆ ತೊಟ್ಟಿಯ ಬಳಿ ಹದಿನಾಲ್ಕು ಕಾರು ನಿಂತಿದ್ದವು. ಮರದ ಕೆಳಗೆಲ್ಲ ಬಗ್ಗಿದ ಬೆನ್ನುಗಳು, ಎಲ್ಲ ಕಡೆಯಿಂದ ಯಂತ್ರಗಳ ಹೂಂಕಾರ. ಬೊಡ್ಡೆಯ ಪಕ್ಕದ ಗುಂಡಿಯನ್ನು ಯಾರೂ ನೋಡುತ್ತಿರಲಿಲ್ಲ. ಅದರ ಮೇಲೆ ಯಾರೋ ಮಡಚುವ ಕುರ್ಚಿ ಹಾಕಿದ್ದರು. ಅವಳ ದೂರನ್ನು ಒಬ್ಬರೂ ನಂಬಿರಲಿಲ್ಲ, ಅವಳು ಹೇಳಿದ ದಾರಿಯನ್ನು ಮಾತ್ರ ಎಲ್ಲರೂ ನಂಬಿದ್ದರು.

ಕ್ಲಾರಿ ಪಿಕಾಸಿ ಊರಿ ನಿಂತು, ಕಾರಿನಿಂದ ಇಳಿಯದೆ ಕುಳಿತಿದ್ದ ನೆರೀಡಾಳನ್ನು ಕಂಡು ಕೈ ಬೀಸಿದ. ಅವನ ಮುಖದಲ್ಲಿ ನಿಜವಾದ ಪ್ರೀತಿಯಿತ್ತು.

"ಒಳ್ಳೇ ಜಾಗ ಕಣೇ ಇದು! ಅಲ್ಲೇ ಯಾಕೆ ಕೂತಿದೀಯ, ಬಾ, ನಿಂಗೂ ಒಂಚೂರು ಜಾಗ ಮಾಡಿಕೊಡ್ತೀವಿ!"