ಸಾಬೂನು ಹಚ್ಚಿದ ಕಮಾನು

ಸಂಗೀತ ಕಲಿಸುವವರು ದೇವರಂಥವರು ಅಂತ ಯಾರಾದರೂ ಅಂದರೆ ನನಗೆ ಮೈಯುರಿಯುತ್ತದೆ. ದೇವರಂತೆ, ದೇವರು! ನಾನು ಕಂಡ ಒಬ್ಬನ ಕಥೆ ಹೇಳುತ್ತೇನೆ, ಕೇಳಿ. ಆಮೇಲೂ ಮನಸ್ಸು ಬಂದರೆ ಕೈಮುಗಿಯಿರಿ, ನಾನೇನೂ ಬೇಡ ಅನ್ನುವುದಿಲ್ಲ.

ಆಗ ನಾವು ಹೈದರಾಬಾದಿನ ಕಾಚಿಗೂಡದಲ್ಲಿದ್ದೆವು. ಅಪ್ಪ ಗದಗಿನ ಕಡೆಯವನು, ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನೌಕರಿ. ನಾನು ಚಿಕ್ಕವಳಿದ್ದಾಗಿನಿಂದ ಕೋಠಿಯ ಓಣಿಯೊಂದರಲ್ಲಿದ್ದ ತೆಲುಗು ಗುರುಗಳ ಹತ್ತಿರ ಪಿಟೀಲು ಕಲಿಯುತ್ತಿದ್ದೆ. ಅವರು ಹಾಡುವರು, ನಾನು ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಪಾದಕ್ಕೂರಿ ಪಕ್ಕವಾದ್ಯ ನುಡಿಸುವವಳು. ತಲೆಗೆ ಮೊಟಕಿ ಮೊಟಕಿ ಅವರು ಕಲಿಸಿದ್ದು ಒಂದೇ ಮಾತು: ಪಕ್ಕವಾದ್ಯದವರು ಹಾಡುವವರಿಗಿಂತ ಒಂದೆಳೆ ಹಿಂದಿರಬೇಕು. ಸ್ವರ ಅವರ ಗಂಟಲಿನಿಂದ ಹೊರಡಲಿ, ಆಮೇಲೆ ನಿನ್ನ ಕಮಾನು ಏಳಲಿ. ಮುಂದೆ ಹೋದರೆ ಸೊಕ್ಕು, ಜೊತೆಗೇ ಹೋದರೂ ಅಧಿಕಪ್ರಸಂಗ. ಈ ಮರ್ಯಾದೆ ನನ್ನ ಕೈಗೆ ಎಷ್ಟು ಇಳಿದಿತ್ತೆಂದರೆ ನಾನು ಯೋಚಿಸಬೇಕಾಗಿಯೂ ಇರಲಿಲ್ಲ.

ಆಮೇಲೆ ಅಪ್ಪನಿಗೆ ಇಂಗ್ಲಿಷ್ ಸಂಗೀತದ ಹುಚ್ಚು ಹಿಡಿಯಿತು. ಸಂಗೀತದ ಹುಚ್ಚೇನಲ್ಲ, ಸಾಹೇಬರ ಹುಚ್ಚು. ಕಾರ್ಖಾನೆಯ ದೊಡ್ಡ ಸಾಹೇಬರ ಮಗಳು ನಿಂತುಕೊಂಡು ಪಿಟೀಲು ನುಡಿಸಿದ್ದನ್ನು ಎಲ್ಲೋ ನೋಡಿ ಬಂದಿದ್ದ. "ಆಕಿಗೆ ಬರೂದು ನಿನಗ ಯಾಕ ಬರಬಾರದವಾ?" ಅಂದವನೇ ಅಬಿಡ್ಸ್‌ನಲ್ಲಿದ್ದ ಒಬ್ಬ ಪಾಶ್ಚಾತ್ಯ ಸಂಗೀತದ ಮೇಷ್ಟ್ರ ಹತ್ತಿರ ಬಿಟ್ಟ. ಕಲಿತೆ. ಬೇಗನೇ ಕಲಿತೆ. ನನ್ನ ಬೆರಳು ಸುಮ್ಮನೆ ಕೂರುವ ಬೆರಳಲ್ಲ.

ಹೀಗಿರುವಾಗ ದೇಶದೇಶದ ಹುಡುಗ ಹುಡುಗಿಯರನ್ನು ಕೂಡಿಸಿ ತರಬೇತಿ ಕೊಡುವ ಒಂದು ವಾದ್ಯವೃಂದ ಹೈದರಾಬಾದಿಗೆ ಬಂತು. ಬೇಸಿಗೆಯ ಶಿಬಿರ, ಕೊನೆಗೊಂದು ಕಛೇರಿ, ಅದಾದ ಮೇಲೆ ಆರಿಸಿದವರಿಗೆ ಯುರೋಪಿನ ಪ್ರವಾಸ. ಸಾಹೇಬರ ಮಗಳೂ ಸೇರಿದಳು, ನಾನೂ ಸೇರಿದೆ. ಮೊದಲನೇ ದಿನ ಅಷ್ಟೂ ಪಿಟೀಲುಗಳು ಒಟ್ಟಿಗೆ ಎದ್ದಾಗ ನನಗೆ ಅಳು ಬಂತು, ಸುಳ್ಳಲ್ಲ. ಅಷ್ಟು ದೊಡ್ಡ ನಾದದೊಳಗೆ ನನ್ನದೂ ಒಂದು ಸ್ವರ ಇತ್ತು. ಅದು ನನಗೆ ಬೇಕೇ ಬೇಕು ಅನ್ನಿಸಿತು. ವಿಮಾನವಲ್ಲ, ಆ ನಾದದೊಳಗಿನ ಜಾಗ.

ಎದುರಿಗೆ ಕೋಲು ಹಿಡಿದು ವೃಂದ ನಡೆಸಲು ನಿಂತವನು ತೆಳ್ಳನೆಯ ಬಿಳಿಯ. ಕೋಲು ಇಳಿದ ಕ್ಷಣಕ್ಕೇ ಎಲ್ಲರ ಕಮಾನೂ ಇಳಿಯಬೇಕು. ಅವನು ತಟ್ಟನೆ ನಿಲ್ಲಿಸಿದ. "ಎಲ್ಲರ ಹಿಂದೆ ಎಲ್ಲೋ ಒಂದು ಬಾಲ ಕೇಳಿಸುತ್ತಿದೆ. ಯಾರದು?" ಒಬ್ಬೊಬ್ಬರನ್ನೇ ಎಬ್ಬಿಸಿ ನುಡಿಸಲು ಹೇಳಿದ. ನಾನು ಒಬ್ಬಳೇ ನುಡಿಸಿದಾಗ ಏನು ತಪ್ಪು ಸಿಕ್ಕೀತು? ಒಬ್ಬಳೇ ಇರುವಾಗ ಯಾರ ಹಿಂದೆ ಹೋಗಲಿ? ಮತ್ತೆ ಎಲ್ಲರೂ ಸೇರಿದೆವು, ಮತ್ತೆ ಬಾಲ ಬಂತು. ಆಗ ನನ್ನ ಪಕ್ಕ ಕೂತಿದ್ದ ಸಾಹೇಬರ ಮಗಳು ತನ್ನ ಕಮಾನಿನ ತುದಿಯನ್ನು ನನ್ನ ಭುಜಕ್ಕೆ ಮುಟ್ಟಿಸಿದಳು.

"ನೀನು ಕೇಳಿಸಿಕೊಂಡು ನುಡಿಸುತ್ತೀಯ. ಇಲ್ಲಿ ಕಾಯುವವರಿಗೆ ಜಾಗವಿಲ್ಲ" ಅಂದ ಅವನು. ಗುರುಗಳು ಹೇಳಿಕೊಟ್ಟಿದ್ದನ್ನು ನನಗೆ ಬರುವ ಇಂಗ್ಲಿಷಿನಲ್ಲಿ ವಿವರಿಸಹೋದೆ. "ಓ, ಇವಳು ಬಹಳ ಮರ್ಯಾದಸ್ಥೆ" ಅಂತ ಸಭೆಗೆ ಹೇಳಿ ನಕ್ಕ, ಎಲ್ಲರೂ ನಕ್ಕರು. ಅವತ್ತಿನಿಂದ ದಿನಾ ಬೆಳಿಗ್ಗೆ ನನ್ನನ್ನು ನಡುವೆ ನಿಲ್ಲಿಸಿ ಎಲ್ಲರ ಜೊತೆ ನುಡಿಸು ಅನ್ನುವನು, ನಾನು ಹಿಂದೆ ಬಿದ್ದಾಗಲೆಲ್ಲ ಉಳಿದವರು ಕಾಲಿನಿಂದ ನೆಲ ಒದೆಯಬೇಕು. ಒದ್ದರು, ಸಂತೋಷದಿಂದ ಒದ್ದರು. ಊಟದ ಹೊತ್ತಿಗೆ ನಮ್ಮ ಹೈದರಾಬಾದಿನ ಹುಡುಗರೇ "ದುಮ್ ಆ ಗಯೀ, ದುಮ್!" ಅಂತ, ಬಾಲ ಬಂತು ಬಾಲ ಅಂತ ಕೂಗುವರು. ಕಣ್ಣು ಕೋಲಿನ ಮೇಲೆ ನೆಟ್ಟೆ, ಹಲ್ಲು ಕಚ್ಚಿದೆ, ಏನು ಮಾಡಿದರೂ ಕೈ ಆ ಒಂದೆಳೆ ಕಾಯುತ್ತಲೇ ಇತ್ತು. ಹಾಳಾದ ಕೈಯನ್ನು ಕತ್ತರಿಸಿ ಬಿಸಾಡಬೇಕು ಅನ್ನಿಸುತ್ತಿತ್ತು.

ಕಛೇರಿಯ ಹಿಂದಿನ ದಿನ ಅವನು ನನ್ನನ್ನು ಕರೆದ. ಹೊರಗೆ ಹಾಕುತ್ತಾನೆ ಅಂದುಕೊಂಡೆ. ಇಲ್ಲ. ರೇಷ್ಮೆ ಲಂಗ ಉಟ್ಟು, ಜಡೆಗೆ ಮಲ್ಲಿಗೆ ಮುಡಿದು ಮುಂದಿನ ಸಾಲಿನಲ್ಲಿ ಕೂರಬೇಕಂತೆ, ಪತ್ರಿಕೆಯವರು ಬರುತ್ತಾರಂತೆ. ಆಮೇಲೆ ತನ್ನ ಪೆಟ್ಟಿಗೆಯಿಂದ ಒಂದು ಕಮಾನು ತೆಗೆದುಕೊಟ್ಟ. ಕಮಾನಿನ ಕೂದಲಿಗೆ ನಾವು ರಾಳ ತಿಕ್ಕುತ್ತೇವೆ, ಆಗಲೇ ಅದು ತಂತಿಯನ್ನು ಹಿಡಿದು ನುಡಿಸುವುದು. ಇದಕ್ಕೆ ಸಾಬೂನು ತಿಕ್ಕಿತ್ತು. ಎಳೆದರೆ ಜಾರುತ್ತದೆ, ಸದ್ದಿಲ್ಲ. ಅದು ಹೊಸದಾಗಿ ಮಾಡಿದ್ದೂ ಅಲ್ಲ, ಹಿಡಿಕೆ ಸವೆದಿತ್ತು. ಊರೂರಿಗೂ ನನ್ನಂಥವಳೊಬ್ಬಳು ಸಿಗುತ್ತಿದ್ದಳು ಅಂತ ಕಾಣುತ್ತದೆ.

ಕೂತೆ. ಅಪ್ಪ ಕಾರ್ಖಾನೆಯವರನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ನನ್ನ ಸುತ್ತ ನಾದ ಹೊಳೆಯಂತೆ ಹರಿಯುತ್ತಿತ್ತು, ನಡುವೆ ನಾನು ಮೂಗಿ. ಬೆರಳು ಸರಿಯಾದ ಜಾಗದಲ್ಲೇ ಓಡಾಡಿದವು, ಅದಂತೂ ನರಕ. ಕೊನೆಗೆ ಅವನು ಆರಿಸಿದ ಹೆಸರು ಓದಿದಾಗ ಅದರಲ್ಲಿ ನನ್ನದಿತ್ತು, ಸಾಹೇಬರ ಮಗಳದು ಇರಲಿಲ್ಲ. ಇಳಿದು ಬರುವಾಗ "ಕಮಾನು ನಿನ್ನ ಹತ್ತಿರವೇ ಇರಲಿ, ಲಂಗ ಮರೆಯಬೇಡ" ಅಂದ.

ಮನೆಗೆ ಬಂದವಳೇ ಅಪ್ಪನ ಮುಂದೆ ಪಿಟೀಲು ತೆಗೆದು ಆ ಕಮಾನು ಎಳೆದೆ.

"ಸಪ್ಪಳನ ಬರವಲ್ದಲ್ಲ?" ಅಂದ ಅಪ್ಪ.

"ಇಡೀ ಕಛೇರಿ ಹಿಂಗ ಅಪ್ಪಾ. ಸಬಕಾರ ಹಚ್ಯಾರ. ಅವಗ ನನ್ನ ಪಿಟೀಲ ಬ್ಯಾಡಂತ, ನನ್ನ ಜಡಿ ಬೇಕಂತ. ನಾ ಒಲ್ಲೆ, ಹೋಗೂದಿಲ್ಲ."

ಅಪ್ಪ ಎದ್ದು ನಿಂತ. ಈಗ ಹೋಗಿ ಆ ಬಿಳಿಯನ ಕೊರಳಪಟ್ಟಿ ಹಿಡಿಯುತ್ತಾನೆ ಅಂತ ನನಗೆ ಜೀವ ಬಂತು. ಅವನು ಹೋಗಿ ಬಾಗಿಲು ಮುಚ್ಚಿ ಬಂದ, ನೆರೆಮನೆಯವರಿಗೆ ಕೇಳಬಾರದಲ್ಲ!

"ಸಾಹೇಬರ ಮಗಳು ಖರೇನ ನುಡಿಸಿದಳೇನ?"

"ಹೂಂ. ಭಾಳ ಛಲೋ ನುಡಿಸಿದಳು."

"ಆದ್ರೂ ಆಕಿನ್ನ ಆರಸಿಲ್ಲ?"

"ಇಲ್ಲ."

ಅಪ್ಪನ ಮುಖ ಅರಳಿತು. "ಮತ್ತೇನ ಹುಚ್ಚಿ! ಆಕಿ ನುಡಿಸಿ ಮನ್ಯಾಗ ಕುಂದರತಾಳ, ನೀ ನುಡಿಸಲಾರದ ವಿಮಾನ ಹತ್ತತಿ. ಫೋಟೋದಾಗ ಸಪ್ಪಳ ಯಾರಿಗೆ ಕೇಳಸತೈತಿ? ಬಾಯಿ ಮುಚ್ಚಿಕೊಂಡ ಇರು."

ಅತ್ತು ಕರೆದೆ, ಊಟ ಬಿಟ್ಟೆ, ಅಪ್ಪ ಕ್ಯಾರೇ ಅನ್ನಲಿಲ್ಲ. ಅಷ್ಟು ಹೊತ್ತಿಗೆ ಕಾರ್ಖಾನೆಯಲ್ಲೆಲ್ಲ ಪೇಢೆ ಹಂಚಿ ಆಗಿತ್ತು. ಬಿಳಿಯ ಬಿಡಿ, ಅವನು ಪರದೇಶದವನು, ನಾನು ಅವನಿಗೆ ಯಾರು? ಅಪ್ಪನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೊರಡುವ ದಿನ ಅಪ್ಪ ಹೊಸ ಸೂಟ್‌ಕೇಸ್ ತುಂಬಿ, ಅದರ ಮೇಲೆ ಕೂತು ಬೀಗ ಹಾಕಿದ. ನಾನು ಪಿಟೀಲಿನ ಪೆಟ್ಟಿಗೆಗೆ ಕೈ ಹಾಕಿದೆ.

"ಅದನ್ಯಾಕ ಹೊತ್ತಗೊಂಡ ಹೊಂಟೀಯವಾ?" ಅಂದ. "ಹಿಡಕೊಂಡ ಕುಂದರಾಕ ಅಲ್ಲೆ ಯಾವದರ ಒಂದ ಕೊಡ್ತಾರ. ಕೈಯಾಗ ಚಕ್ಕಲಿ ಡಬ್ಬಿ ಹಿಡಕೋ."

ಚಕ್ಕಲಿ ಡಬ್ಬಿ ಹಿಡಿದುಕೊಂಡೇ ಹೋದೆ.